ಆರನೆಯ ಸ್ವರ

ಬಾವ್‌ಚಿನ್ ಒಲೆಯ ಮುಂದೆ ಕುಸಿದು ಬಿದ್ದದ್ದು ಚಳಿಗಾಲದ ಒಂದು ಬೆಳಿಗ್ಗೆ. ಗಂಜಿ ಸೀದ ವಾಸನೆ ಮೂಗಿಗೆ ಬಡಿದಾಗ ಅವಳ ಗಂಡ ಮೆಂಗ್ ಸಿಚಾಂಗ್ ಬರೆಯುವ ಮೇಜಿನಿಂದಲೇ "ಒಲೆ ನೋಡೇ" ಎಂದು ಕೂಗಿ ಮತ್ತೆ ಕಾಗದದೊಳಗೆ ತಲೆ ಹುದುಗಿಸಿದ. ಇನ್ನೊಂದು ಸಲ ಕೂಗಿದ. ಆಗಲೂ ಉತ್ತರ ಬಾರದಿದ್ದಾಗ ಗೊಣಗಿಕೊಂಡು ಎದ್ದು ಹೋದ. ಕಲ್ಲಿದ್ದಲ ಬಿಲ್ಲೆಗಳ ಪಕ್ಕದಲ್ಲಿ ಅವಳು ಬಿದ್ದಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಕಣ್ಣು ಮಾತ್ರ ಪೂರ್ತಿ ಎಚ್ಚರವಾಗಿತ್ತು, ಅವನನ್ನೇ ನೋಡುತ್ತಿತ್ತು.

ಫುಚೌ ನಗರದ ಆಸ್ಪತ್ರೆಯಲ್ಲಿ ಆ ಚಳಿಗಾಲ ಹಾಸಿಗೆ ಸಿಗುವುದೇ ಕಷ್ಟವಾಗಿತ್ತು. ಜೀವಕ್ಕೆ ಅಪಾಯವಿಲ್ಲ ಎಂದಾದ ಮೇಲೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಲು ಹೇಳಿದರು. "ಬಲಗಡೆ ಬಿದ್ದುಹೋಗಿದೆ. ಮಾತು ಬಂದರೂ ಬರಬಹುದು. ಒಂದೇ ಕಡೆ ಮಲಗಿಸಿಬಿಡಬೇಡಿ ಪ್ರೊಫೆಸರ್, ಆಗಾಗ ಮಗ್ಗುಲು ಬದಲಾಯಿಸ್ತಾ ಇರಿ," ಎಂದರು. ಮೆಂಗ್ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನು ಎತ್ತಿದ ಕೈ. ಕೇಳಿಸಿಕೊಂಡನೋ ಇಲ್ಲವೋ ಎದುರಿನವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಅವನ ಕಸುಬು ಕೇಳಿಸಿಕೊಳ್ಳುವುದು, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಮೂರು ಸಾವಿರ ವರ್ಷದ ಹಿಂದೆ ಚೀನೀ ಜನ ಬಾಯಿ ತೆರೆದರೆ ಅ, ಇ, ಉ ಎಂಬಂಥ ಯಾವ ಯಾವ ಸ್ವರ ಹೊರಡುತ್ತಿತ್ತು ಎಂದು ಕಂಡುಹಿಡಿಯುವ ಕೆಲಸ ಅದು. ಬರೆದಿಟ್ಟ ಅಕ್ಷರಗಳನ್ನು ಕೇಳಿ ಪ್ರಯೋಜನವಿಲ್ಲ. ಅವು ಅರ್ಥ ಹೇಳುತ್ತವೆ, ತಮ್ಮನ್ನು ಹೇಗೆ ನುಡಿಯುತ್ತಿದ್ದರು ಎಂಬುದಕ್ಕೆ ಬಾಯಿ ಬಿಡುವುದಿಲ್ಲ. ಹಳೆಯ ಹಾಡುಗಳಲ್ಲಿ ಯಾವ ಪದ ಯಾವುದರ ಜೊತೆ ಪ್ರಾಸ ಕೂಡುತ್ತದೆ ಎಂದು ನೋಡಿ ಪದಗಳನ್ನು ಗುಡ್ಡೆ ಹಾಕಬೇಕು. ಆಮೇಲೆ ದಕ್ಷಿಣದ ಬೆಟ್ಟಗಳ ಕಡೆಗೆ ಹೋಗಬೇಕು. ಬಯಲಿನವರು ಎಂದೋ ಕಳೆದುಕೊಂಡದ್ದನ್ನು ಅಲ್ಲಿನ ಜನ ಗೊತ್ತಿಲ್ಲದೆಯೇ ನಾಲಗೆಯ ಮೇಲೆ ಉಳಿಸಿಕೊಂಡಿರುತ್ತಾರೆ.

ಮೆಂಗ್ ಉತ್ತರದ ಬಯಲಿನವನು. ಯುವಕನಾಗಿದ್ದಾಗ ಸರ್ಕಾರದ ಭಾಷಾ ಸಮೀಕ್ಷೆಗೆಂದು ಫುಜಿಯೆನ್ ಬೆಟ್ಟಗಳಿಗೆ ಬಂದ. ಒಂದು ಸಣ್ಣ ಪೇಟೆಯಲ್ಲಿ, ಶಾಲೆಯ ಮೇಷ್ಟರ ಮಗಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಅಕ್ಷರ ತೋರಿಸಿ "ನಿಮ್ಮ ಕಡೆ ಇದನ್ನ ಹೇಗೆ ಹೇಳ್ತೀರಿ?" ಎಂದು ಕೇಳಿದ. ಅವಳು ತಲೆ ತಗ್ಗಿಸಿ, ಸ್ಪಷ್ಟವಾಗಿ, ಒಂದಕ್ಕೂ ತಡವರಿಸದೆ ಹೇಳಿದಳು. ಅಂಥ ಅಚ್ಚುಕಟ್ಟಾದ ಬಾಯಿಯನ್ನು ಅವನು ಅದುವರೆಗೆ ಕಂಡಿರಲಿಲ್ಲ. ಎರಡು ವರ್ಷ ಬಿಟ್ಟು ಮದುವೆಯಾದರು. ಅವನ ಮೊದಲ ಪುಸ್ತಕ ಅವಳ ಬಾಯಿಂದ ಬಂತು ಎಂದರೆ ತಪ್ಪಲ್ಲ. ಪ್ರಾಚೀನ ಚೀನೀ ಭಾಷೆಗೆ ಐದು ಸ್ವರ ಎಂದು ಅವನು ಅದರಲ್ಲಿ ಸಾಧಿಸಿದ. ಓದುಗರು ಒಪ್ಪಿದರು. ಒಪ್ಪಿಯೇ ಇಷ್ಟು ವರ್ಷ ಕಳೆದಿತ್ತು.

ಒಪ್ಪದವನು ರಾನ್ ವೇಯ್ ಒಬ್ಬನೇ. ಮೆಂಗ್‌ನ ಕೈಕೆಳಗೇ ಓದಿದವನು, ಈಗ ಅದೇ ವಿಭಾಗದಲ್ಲಿ ಕೆಲಸಕ್ಕಿದ್ದವನು. ಮೆಂಗ್ ಒಂದೇ ಗುಡ್ಡೆ ಎಂದು ಎಣಿಸಿದ ಪದಗಳು ನಿಜವಾಗಿ ಎರಡು ಗುಡ್ಡೆ, 'ಬಟ್ಟಲು' ಎಂಬ ಪದ ಒಂದರಲ್ಲಿ, 'ತಣ್ಣಗೆ' ಎಂಬ ಪದ ಇನ್ನೊಂದರಲ್ಲಿ, ಎರಡರ ಸ್ವರವೂ ಬೇರೆ, ಹಾಗಾಗಿ ಸ್ವರ ಐದಲ್ಲ, ಆರು ಎಂಬುದು ಅವನ ವಾದ. ಆ ಬೆಟ್ಟದ ಜಿಲ್ಲೆಯಲ್ಲಿ ಈ ಭೇದ ಇನ್ನೂ ಉಳಿದಿರಬೇಕು ಎಂದು ಸಭೆಯೊಂದರಲ್ಲಿ ಎದ್ದುನಿಂತು ಹೇಳಿಯೂ ಬಿಟ್ಟ.

ಮೆಂಗ್‌ಗೆ ಪಿತ್ತ ನೆತ್ತಿಗೇರಿತು. ಆದರೂ ನಗುತ್ತಲೇ, "ಏನಯ್ಯಾ ರಾನ್, ನೀನು ಆ ಜಿಲ್ಲೆಗೆ ಹೋಗೋ ಬಸ್ಸನ್ನೂ ಕಂಡಿಲ್ಲ. ನಾನು ಆ ಜಿಲ್ಲೆನೇ ಮನೆಗೆ ಕರ್ಕೊಂಡು ಬಂದಿದೀನಿ. ದಿನಾ ಬೆಳಿಗ್ಗೆ ನನಗೆ ಗಂಜಿ ಬಡಿಸ್ತಾಳೆ. ಆರನೇ ಸ್ವರ ಇದ್ದಿದ್ರೆ ಗಂಜಿ ಜೊತೆ ನನ್ನ ಬಟ್ಟಲಿಗೇ ಬೀಳ್ತಿತ್ತು," ಎಂದ. ಸಭೆ ಗೊಳ್ಳೆಂದು ನಕ್ಕಿತು. ರಾನ್ ಕಿವಿ ಕೆಂಪಗೆ ಮಾಡಿಕೊಂಡು ಕುಳಿತ. ಮನೆಗೆ ಬಂದು ಈ ಚಟಾಕಿಯನ್ನು ಹೆಂಡತಿಗೆ ಹೇಳಿದರೆ ಅವಳಿಗೆ ನಗು ಬರಲಿಲ್ಲ. "ಅಷ್ಟು ಜನರ ಮುಂದೆ ಹೇಳಿದ್ರಾ?" ಎಂದು ಕೇಳಿ ಅಡುಗೆಮನೆಗೆ ಹೋದಳು. ಹೆಂಗಸರಿಗೆ ಹಾಸ್ಯ ತಿಳಿಯುವುದಿಲ್ಲ ಎಂದುಕೊಂಡ ಮಹಾನುಭಾವ.

ಆ ಹಳೆಯ ಪುಸ್ತಕದ ದೊಡ್ಡ ಆವೃತ್ತಿ ಈಗ ಅಚ್ಚಿಗೆ ಹೋಗುವುದರಲ್ಲಿತ್ತು. ಗಂಜಿ ಸೀದ ಬೆಳಿಗ್ಗೆ ಅವನ ಮೇಜಿನ ಮೇಲೆ ಇದ್ದದ್ದು ಅದೇ.

ಬಾವ್‌ಚಿನ್‌ಗೆ ಮಾತು ಬಂತು. ಮನೆಗೆ ಬಂದ ಕೆಲವೇ ದಿನಗಳಲ್ಲಿ ಬಂತು. ಆದರೆ ಇಷ್ಟು ವರ್ಷ ಗಂಡನ ಜೊತೆ ಆಡುತ್ತಿದ್ದ ಮಾತು ಬರಲಿಲ್ಲ. ಪೇಟೆಯ ಮಾತೂ ಬರಲಿಲ್ಲ. ಬಂದದ್ದು ಮೆಂಗ್ ಎಂದೂ ಕೇಳದ ಒಂದು ಮಾತು. ಗಂಟಲಿನೊಳಗಿಂದ ಎದ್ದು, ಕೊನೆಗೆ ಬಿಗಿದುಕೊಳ್ಳುವ ಮಾತು. ಮೊದಲ ದಿನ ಅವನು ಇದು ತೊದಲು ಎಂದೇ ತಿಳಿದ. ಮರುದಿನ ಗಂಜಿ ತಂದು ಮುಂದೆ ಹಿಡಿದಾಗ ಅವಳು ಎಡಗೈಯಿಂದ ಬಟ್ಟಲನ್ನು ಮುಟ್ಟಿ ಒಂದು ಪದ ಹೇಳಿದಳು. ಆಮೇಲೆ ಬಟ್ಟಲನ್ನು ದೂರ ತಳ್ಳಿ ಇನ್ನೊಂದು ಪದ ಹೇಳಿದಳು. ಗಂಜಿ ಆರಿ ತಣ್ಣಗಾಗಿತ್ತು. ಬಟ್ಟಲು, ತಣ್ಣಗೆ. ಎರಡರ ಸ್ವರವೂ ಬೇರೆ ಬೇರೆ.

ಮೆಂಗ್‌ನ ಎದೆ ಧಸಕ್ಕೆಂದಿತು. ಗಂಜಿ ಬಿಸಿ ಮಾಡಿ ತಂದು ಮತ್ತೆ ಬಟ್ಟಲನ್ನು ತೋರಿಸಿದ. ಅದೇ ಸ್ವರ. ದುಂಡಗೆ, ತುಟಿ ಕೂಡಿಸಿಕೊಂಡು, ಅರ್ಧ ಬಿದ್ದ ಆ ಬಾಯಿಯಿಂದಲೂ ತಪ್ಪದೆ. ರಾನ್ ವೇಯ್ ಇರಲೇಬೇಕು ಎಂದ ಸ್ವರ ಇವನ ಅಡುಗೆಮನೆಯಿಂದ ಎದ್ದುಬಂದು ಹಾಸಿಗೆಯ ಮೇಲೆ ಮಲಗಿತ್ತು.

ಆ ದಿನ ಮೆಂಗ್ ಏನೆಲ್ಲ ಪಾಡು ಪಟ್ಟ ಎಂದು ಹೇಳುವುದು ಸುಲಭವಲ್ಲ. ಜೀವಮಾನದ ಕೆಲಸ ಕಣ್ಣೆದುರೇ ಕುಸಿಯುತ್ತಿತ್ತು. ಆದರೆ ಸುಳ್ಳೇಕೆ, ಸಂತೋಷವೂ ಆಗಿತ್ತು. ಯಾರ ಕಿವಿಗೂ ಬೀಳದ ಶಬ್ದ ತನ್ನ ಕಿವಿಗೆ ಬಿದ್ದಿತು ಎಂಬ ಸಂತೋಷ. ತಪ್ಪಾದರೂ ಸರಿ, ತಪ್ಪನ್ನು ತಾನೇ ಕಂಡುಹಿಡಿಯಬೇಕು ಎಂಬ ಹಟ ಹುಟ್ಟಿತು. ವಿಭಾಗದ ಧ್ವನಿಮುದ್ರಣ ಯಂತ್ರವನ್ನು ತಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟ.

ಸಂಜೆಯಾಗುತ್ತಲೇ ಬಾವ್‌ಚಿನ್ ಒಂದು ವಾಕ್ಯ ಹೇಳುತ್ತಿದ್ದಳು. ಮೊದಲು ಸಂಜೆಗೆ ಮಾತ್ರ, ಆಮೇಲೆ ಬೆಳಿಗ್ಗೆಯೂ, ಆಮೇಲೆ ಅವನು ಕೋಣೆಗೆ ಬಂದಾಗಲೆಲ್ಲ. ಚಿಕ್ಕ ವಾಕ್ಯ. ಆ ಎರಡು ಸ್ವರಗಳೂ ಅದರಲ್ಲಿ ಅಕ್ಕಪಕ್ಕ ಬರುತ್ತಿದ್ದವು. ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಶಬ್ದವನ್ನು ಬರೆದುಕೊಂಡ. ಅರ್ಥದ ಜಾಗವನ್ನು ಖಾಲಿ ಬಿಟ್ಟ.

ಅರ್ಥಕ್ಕಾಗಿ ಪ್ರಯತ್ನವನ್ನೇ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಕಿಟಕಿ ತೆರೆದ, ಮುಚ್ಚಿದ. ಬಿಸಿನೀರು ಕೊಟ್ಟ. ಅವಳು ಎಡಗೈಯಿಂದ ರಜಾಯಿಯನ್ನು ಎಳೆದಾಗ ಚಳಿಯಾಗುತ್ತಿದೆ ಎಂದು ಇನ್ನಷ್ಟು ಬಿಗಿಯಾಗಿ ಹೊದಿಸಿದ. ಹಾಸಿಗೆಯನ್ನು ತಟ್ಟಿದಾಗ ಪಕ್ಕದಲ್ಲಿ ಕೂರಲು ಕರೆಯುತ್ತಿದ್ದಾಳೆ ಎಂದು ತಿಳಿದು, ಮನಸ್ಸು ಕರಗಿ, ಬಂದು ಕೂತ. ಕೂತವನು ಸುಮ್ಮನೆ ಕೂರಬಾರದೇ, ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು "ಇನ್ನೊಮ್ಮೆ ಹೇಳು" ಎಂದ. ಅವಳು ಹೇಳಿದಳು.

ಮಗ್ಗುಲು ಬದಲಾಯಿಸುವುದನ್ನು ಮೊದಲ ಕೆಲವು ದಿನ ಮಾಡಿದ. ತಿರುಗಿಸಿದಾಗ ಅವಳು ನರಳುತ್ತಿದ್ದಳು, ಅವನಿಗೆ ನೋಡಲಾಗುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿದರೆ ಮಾತು ಯಂತ್ರಕ್ಕೆ ಸರಿಯಾಗಿ ಸಿಗುತ್ತಲೂ ಇರಲಿಲ್ಲ. ಅಂಗಾತ ಮಲಗಿದರೆ ಎಲ್ಲ ಅನುಕೂಲ. ಒದ್ದೆ ಬಟ್ಟೆಯನ್ನು ರಜಾಯಿಯ ಅಡಿಯಿಂದಲೇ, ಮುಖ ಬೇರೆ ಕಡೆ ಮಾಡಿ ಬದಲಿಸುತ್ತಿದ್ದ. ಒಬ್ಬರ ಮೈಯನ್ನೊಬ್ಬರು ಹಗಲು ಬೆಳಕಿನಲ್ಲಿ ನೋಡಿದ ಸಂಸಾರ ಅವರದಲ್ಲ. ಕೈಕಾಲಿನ ಕೀಲುಗಳಿಗೆ ಹಚ್ಚುವ ಕರ್ಪೂರದ ಎಣ್ಣೆಯ ಘಾಟಿನಲ್ಲಿ ಬೇರೆ ವಾಸನೆ ತಿಳಿಯುತ್ತಲೂ ಇರಲಿಲ್ಲ.

ಒಂದು ಮಧ್ಯಾಹ್ನ ರಾನ್ ವೇಯ್ ಕಿತ್ತಳೆ ಹಣ್ಣಿನ ಚೀಲ ಹಿಡಿದು ನೋಡಲು ಬಂದ. ಬಾವ್‌ಚಿನ್ ಅವನ ಮುಖ ಕಂಡವಳೇ ಆ ವಾಕ್ಯ ಹೇಳಿದಳು. ರಾನ್ ನಿಂತಲ್ಲೇ ನಿಂತ. ತನಗೆ ಪಾಠ ಹೇಳಿದ ಮೇಷ್ಟರ ಕಡೆ ನೋಡಿದ. ಮೇಷ್ಟರು ತಲೆ ತಗ್ಗಿಸಿದ್ದರು.

"ಹೌದಪ್ಪಾ," ಎಂದ ಮೆಂಗ್. "ಕೇಳಿಸ್ತಲ್ಲ. ನಿನ್ನದೇ ಸ್ವರ. ನಗೋದಾದ್ರೆ ನಕ್ಕುಬಿಡು."

ರಾನ್ ನಗಲಿಲ್ಲ. "ಅಮ್ಮನವರು ಏನೋ ಕೇಳ್ತಿದಾರೆ ಮೇಷ್ಟ್ರೇ. ಏನದು?"

"ಗೊತ್ತಿಲ್ಲ. ಮೊದಲು ಶಬ್ದ ಗಟ್ಟಿಯಾಗ್ಲಿ. ಅರ್ಥ ಎಲ್ಲಿಗೆ ಓಡಿಹೋಗುತ್ತೆ?"

"ಅವರಿಗೆ ತಂಗಿ ಇದಾರಲ್ಲ, ಕಡಲ ಕಡೆ. ಒಂದು ತಂತಿ ಕೊಟ್ಟರೆ ಬರ್ತಾರೆ."

"ಕೊಡ್ತೀನಿ. ಈಗ್ಲೇ ಬೇಡ." ಮೆಂಗ್ ದನಿ ತಗ್ಗಿಸಿದ. "ನೀನು ಸಮೀಕ್ಷೆ ಮಾಡಿರೋನು, ನಿನಗೆ ಗೊತ್ತಲ್ಲ. ಒಂದು ಬಾಯಿ ಮಾತಾಡ್ತಿರೋವಾಗ ಇನ್ನೊಂದು ಬಾಯಿನ ಕೋಣೆ ಒಳಗೆ ಬಿಡಬಾರದು. ಆಮಾನ್ ಮದುವೆಯಾಗಿ ಕಡಲ ಕಡೆ ಹೋಗಿ ಎಷ್ಟು ಕಾಲ ಆಯ್ತು, ಅವಳದ್ದು ಕಲಬೆರಕೆ ಮಾತು. ಅವಳು ಬಂದು ಪಕ್ಕದಲ್ಲಿ ಕೂತು ವಟಗುಟ್ಟಿದ್ರೆ ಇವಳ ಮಾತೂ ಅದಕ್ಕೆ ವಾಲುತ್ತೆ. ಇದು ಪೇಟೆ ಮಾತಲ್ಲ, ಚಿಕ್ಕಂದಿನಲ್ಲಿ ಎಲ್ಲೋ ಆಡಿದ್ದಿರಬೇಕು; ಆ ಪೇಟೆ, ಸುತ್ತಲ ಹಳ್ಳಿ ಎಲ್ಲ ಅಣೆಕಟ್ಟೆ ನೀರಲ್ಲಿ ಮುಳುಗಿಹೋಯ್ತು, ಜನ ಚೆಲ್ಲಾಪಿಲ್ಲಿ. ಇದು ಉಳಿದಿರೋದು ಬಹುಶಃ ಈ ಒಂದು ಬಾಯಲ್ಲಿ. ಇನ್ನು ಸ್ವಲ್ಪ ದಿನ ತಡಿ."

ಇದು ಆ ಕಸುಬಿನ ಮೊದಲ ಪಾಠ. ರಾನ್‌ಗೆ ಅದನ್ನು ಹೇಳಿಕೊಟ್ಟವನೂ ಮೆಂಗ್‌ನೇ. ರಾನ್ ಹಣ್ಣಿನ ಚೀಲವನ್ನು ಮಂಚದ ಪಕ್ಕ ಇಟ್ಟ. ಮೂರನೆಯ ಸಲ ಅವಳು ಅದನ್ನೇ ಹೇಳಿದಾಗ ಅವಳ ಕಣ್ಣಿನ ಕೊನೆಯಿಂದ ನೀರಿಳಿದದ್ದನ್ನು ಅವನು ನೋಡಿದ. ಪಾರ್ಶ್ವವಾಯು ಆದವರಿಗೆ ಹಾಗೆ ಕಣ್ಣೀರು ಬರುತ್ತದೆ ಎಂದು ಮೆಂಗ್ ಹೇಳಿದ. ಡಾಕ್ಟರು ಹಾಗೆ ಹೇಳಿದ್ದೂ ನಿಜ.

ಮೇಷ್ಟರ ಮಾತು ಮೀರಿ ರಾನ್ ತಂತಿ ಕಳಿಸಿದ. ಆದರೆ ತಕ್ಷಣ ಕಳಿಸಲಿಲ್ಲ. ಅವನಿಗೂ ಆ ಸ್ವರದ ಮೇಲೆ ಆಸೆಯಿತ್ತು. ಒಂದು ವಾರ ಅತ್ತಲೂ ಇತ್ತಲೂ ಆಗಿ ಒದ್ದಾಡಿ, ಆಮೇಲೆ ಕಳಿಸಿದ.

ಆಮಾನ್ ಬೆಳಗಿನ ಬಸ್ಸಿಗೆ ಬಂದಿಳಿದಳು. ಕೈಯಲ್ಲಿ ಒಣಮೀನಿನ ಗಂಟು, ಕಾಲಲ್ಲಿ ರಬ್ಬರ್ ಬೂಟು. ಬಾಗಿಲಲ್ಲೇ ಶುರುಮಾಡಿದಳು. "ಏನ್ ಭಾವ, ಅಕ್ಕ ಬಿದ್ದು ಇಷ್ಟ್ ದಿನ ಆಗೈತೆ, ಯಾರೋ ಹೊರಗಿನೋರು ತಂತಿ ಕೊಡ್ಬೇಕಾ ನಂಗೆ? ನಾನೇನು ಸತ್ತೋಗಿದ್ನಾ?"

ಮೆಂಗ್‌ಗೆ ಕಸಿವಿಸಿಯಾಯಿತು. "ಒಳಗೆ ಮೆಲ್ಲಗೆ ಮಾತಾಡು ಆಮಾನ್," ಎಂದಷ್ಟೇ ಹೇಳಿದ. ಯಂತ್ರ ಓಡುತ್ತಿತ್ತು.

ಬಾವ್‌ಚಿನ್ ತಂಗಿಯನ್ನು ನೋಡಿದಳು. ದನಿ ಬಹಳ ಸಣ್ಣದಾಗಿತ್ತು. ಆ ವಾಕ್ಯವನ್ನು ಒಂದೇ ಸಲ ಹೇಳಿದಳು. ಆಮಾನ್ ಗಂಟನ್ನು ಅಲ್ಲೇ ಕೈಬಿಟ್ಟಳು. ಭಾವನನ್ನು ಏನೂ ಕೇಳದೆ ರಜಾಯಿಯನ್ನು ಕಿತ್ತೆಸೆದು, ಅಕ್ಕನ ಹೆಗಲಿಗೂ ಸೊಂಟಕ್ಕೂ ಕೈಕೊಟ್ಟು ಮಗ್ಗುಲಿಗೆ ಹೊರಳಿಸಿದಳು.

ಬೆನ್ನಿನ ಕೆಳಗೆ ಅಂಗೈಯಗಲ ಚರ್ಮವೇ ಇರಲಿಲ್ಲ. ಕಪ್ಪಾಗಿತ್ತು, ಒಳಗೆ ಬಿಳಿ ಕಾಣುತ್ತಿತ್ತು. ವಾಸನೆ ಕೋಣೆಯನ್ನೆಲ್ಲ ತುಂಬಿತು. ಮೆಂಗ್ ಮಂಚದ ಹತ್ತಿರ ಬಂದ.

"ಏನು... ಏನಂದಳು ಅವಳು?"

ಆಮಾನ್ ತಿರುಗಿ ನೋಡಿದಳು. ಅಷ್ಟು ಹೊತ್ತು ಕೂಗಾಡಿದವಳ ದನಿ ಇಳಿದುಹೋಗಿತ್ತು. "ಮೈ ಕೊಳೀತೈತೆ, ನನ್ನ ತಿರುಗ್ಸು ಅಂದ್ಲು. ನಿಮಗೆ ಹೇಳ್ಲೇ ಇಲ್ವಾ?"

ಕೊಳೆ ಎಂಬ ಪದ ಒಂದು ಗುಡ್ಡೆ, ತಿರುಗು ಎಂಬ ಪದ ಇನ್ನೊಂದು ಗುಡ್ಡೆ. ಆ ಕ್ಷಣದಲ್ಲೂ ಮೆಂಗ್‌ನ ತಲೆ ಮೊದಲು ಹೋದದ್ದು ಅಲ್ಲಿಗೇ. ಹೋದದ್ದು ಅವನಿಗೆ ತಿಳಿಯಿತು. ತನ್ನ ಬಗ್ಗೆ ಅವನಿಗೆ ಹೇಸಿಗೆಯಾಯಿತು.

ಆಸ್ಪತ್ರೆಯಲ್ಲಿ ಈ ಸಲ ಹಾಸಿಗೆ ಕೂಡಲೇ ಸಿಕ್ಕಿತು. ನಂಜು ರಕ್ತಕ್ಕೆ ಸೇರಿತ್ತು. ಡಾಕ್ಟರು ಮೆಂಗ್‌ನನ್ನು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬಾವ್‌ಚಿನ್ ತಂಗಿಯ ಜೊತೆ ಮಾತ್ರ ಒಂದೆರಡು ಮಾತಾಡುತ್ತಿದ್ದಳು. ಅವನು ಹತ್ತಿರ ಬಂದರೆ ತುಟಿ ಮುಚ್ಚಿಕೊಳ್ಳುತ್ತಿದ್ದಳು. ಅದು ಕೋಪವಲ್ಲ. ಹೇಳಿ ಉಪಯೋಗವಿಲ್ಲ ಎಂದು ಕೈಬಿಟ್ಟವರ ಹಾಗೆ, ಅಷ್ಟೇ.

ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಆಮಾನ್ ಉಳಿದ ಕತೆ ಹೇಳಿದಳು. ಅವರು ಪೇಟೆಯವರೇ ಅಲ್ಲ, ಮೇಲಿನ ಬೆಟ್ಟದವರು. ಅಪ್ಪನಿಗೆ ಪೇಟೆಯ ಶಾಲೆಯಲ್ಲಿ ಕೆಲಸ ಸಿಕ್ಕಿ ಇಳಿದು ಬಂದವರು. "ಬೆಟ್ಟದ ಮಾತು ಆಡಿದ್ರೆ ಪೇಟೆ ಹುಡುಗ್ರು ಕಲ್ಲು ಹೊಡೀತಿದ್ರು ಭಾವ. ಅಪ್ಪ ಬೆತ್ತ ತಗೊಂಡು ನಮ್ಮ ನಾಲಗೆ ತಿದ್ದಿದ್ದು. ನೀವು ಅಕ್ಷರ ತೋರ್ಸಿ ನಿಮ್ಮ ಕಡೆ ಹೆಂಗೆ ಅಂತ ಕೇಳ್ದಾಗ ಅಕ್ಕ ಪೇಟೆ ಮಾತೇ ಹೇಳಿದ್ಲು. ಓದಿದ ಹುಡುಗ, ಚೆಂದಾಗಿದಾನೆ, ಕಾಡುಜನ ಅನ್ಕೋತಾನೆ ಅಂತ."

"ಆಮೇಲೆ ಹೇಳಬಹುದಾಗಿತ್ತು," ಎಂದ ಮೆಂಗ್. "ಒಂದು ದಿನವಾದ್ರೂ."

"ಹೇಳೋಕೆ ಹೊರಟಿದ್ಲು. ಅಷ್ಟರಲ್ಲಿ ನಿಮ್ಮ ಪುಸ್ತಕ ಬಂತು. ಎಲ್ಲಾರೂ ಹೊಗಳಿದ್ರು. ಈಗ ಬಾಯಿ ಬಿಟ್ರೆ ಅವ್ರ ಮಾನ ಹೋಗ್ತೈತೆ ಕಣೇ ಆಮಾನ್ ಅಂತ ನನ್ನ ಹತ್ರ ಅತ್ಲು. ಅದಾದ್ಮೇಲೆ ನಾನು ನಿಮ್ಮನೆಗೆ ಬಂದ್ರೂ ನೀವಿದ್ದಾಗ ನನ್ ಜೊತೆ ಊರ ಮಾತಾಡ್ತಿರ್ಲಿಲ್ಲ. ಅಡುಗೆಮನೆ ಬಾಗ್ಲು ಮುಚ್ಕೊಂಡು ಪಿಸುಗುಡ್ತಿದ್ವಿ."

ಆ ಮುಚ್ಚಿದ ಬಾಗಿಲು ಅವನಿಗೆ ಗೊತ್ತಿತ್ತು. ಗದ್ದಲವಾಗದಿರಲಿ ಎಂದು ತನಗಾಗಿಯೇ ಮುಚ್ಚುತ್ತಿದ್ದಾಳೆ ಎಂದುಕೊಂಡಿದ್ದ.

ಬಾವ್‌ಚಿನ್ ಹೊಸ ವರ್ಷದ ಹಬ್ಬಕ್ಕೆ ಮುಂಚೆಯೇ ತೀರಿಕೊಂಡಳು. ಬೂದಿಯ ಪೆಟ್ಟಿಗೆಯನ್ನು ಆಮಾನ್ ಕೇಳಿದಳು, ಮೆಂಗ್ ಕೊಟ್ಟ. ಇಟ್ಟುಕೊಳ್ಳುವ ಹಕ್ಕು ತನಗಿದೆ ಎಂದು ಅವನಿಗೆ ಅನ್ನಿಸಲಿಲ್ಲ.

ಹಬ್ಬ ಕಳೆದ ಮೇಲೆ ರಾನ್ ವೇಯ್ ಬಂದ. ಮನೆಯಲ್ಲಿ ಒಲೆ ಹಚ್ಚಿದ ಗುರುತಿರಲಿಲ್ಲ. ಮೆಂಗ್ ಕೋಟು ಹೊದ್ದು ಮೇಜಿನ ಮುಂದೆ ಕೂತಿದ್ದ. ಅಚ್ಚಿನ ಮನೆಯಿಂದ ಬಂದ ಹಾಳೆಗಳು ಕಟ್ಟು ಬಿಚ್ಚದೆ ಬಿದ್ದಿದ್ದವು.

"ಊಟ ಆಯ್ತಾ ಮೇಷ್ಟ್ರೇ?"

"ಪುಸ್ತಕ ವಾಪಸ್ ತಗೊಂಡೆ," ಎಂದ ಮೆಂಗ್. "ಸ್ವರ ಆರು. ನೀನು ಬರಿ. ಸಾಕ್ಷಿ ನಾನು ಕೊಡ್ತೀನಿ."

"ನನಗೆ ಬೇಡ."

"ಬೇಡ ಅನ್ನೋಕೆ ನೀನ್ಯಾರು? ಹತ್ತು ವರ್ಷ ಇದಕ್ಕೋಸ್ಕರ ನನ್ನ ಕೈಲಿ ಉಗಿಸ್ಕೊಂಡೆ. ಕೂತ್ಕೋ."

ಯಂತ್ರದ ಗುಂಡಿ ಒತ್ತಿದ. ಸುರುಳಿ ತಿರುಗಿತು. ಮೊದಲು ಅವನದೇ ದನಿ, ಮೃದುವಾಗಿ, ಹುರುಪಿನಿಂದ: ಇನ್ನೊಮ್ಮೆ ಹೇಳು. ಆಮೇಲೆ ಅವಳ ದನಿ. ಮತ್ತೆ ಅವನು, ಇನ್ನೊಮ್ಮೆ. ಮತ್ತೆ ಅವಳು. ರಾನ್‌ಗೆ ಈಗ ಅರ್ಥ ಗೊತ್ತಿತ್ತು. ತಂತಿ ಕಳಿಸದೆ ತಾನು ಕಳೆದ ಆ ವಾರವೂ ಈ ಸುರುಳಿಯಲ್ಲಿ ಎಲ್ಲೋ ಇದೆ ಎಂಬುದೂ ಗೊತ್ತಿತ್ತು. ಅವನು ಕೈ ಚಾಚಿ ಗುಂಡಿ ಒತ್ತಲು ಹೋದ.

ಮೆಂಗ್ ಆ ಕೈಯನ್ನು ಹಿಡಿದು ತಡೆದ. "ಪೂರ್ತಿ ಕೇಳು. ಈ ಕಡೇ ಸಲದ್ದು ಕೇಳು, ಎರಡು ಸ್ವರನೂ ಎಷ್ಟು ಬಿಡಿ ಬಿಡಿಯಾಗಿದೆ. ಸಮೀಕ್ಷೆಯಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನ ನಾನು ಕೇಳಿಲ್ಲ. ಯಾಕೆ ಇಷ್ಟು ಸ್ಪಷ್ಟ ಅಂತ ನನಗೆ ಮೊನ್ನೆವರೆಗೂ ಹೊಳೆದಿರಲಿಲ್ಲ ರಾನ್. ನನಗೆ ಕೇಳಿಸ್ಲಿಲ್ಲ ಅಂದ್ಕೊಂಡು, ಈಗಲಾದ್ರೂ ಅರ್ಥ ಆಗ್ಲಿ ಅಂತ, ಅವಳು ಬಿಡಿಸಿ ಬಿಡಿಸಿ ಹೇಳ್ತಿದ್ದಾಳೆ."

ಸುರುಳಿ ಮುಗಿಯುವವರೆಗೆ ಇಬ್ಬರೂ ಕೂತು ಕೇಳಿದರು.